ಹಾಸು ಹಾಯುವ ಕಿಂಡಿ

೧

ಮೊದಲ ವಾಕ್ಯ ಹೀಗಿತ್ತು: ಗೋಡೆಯಿಲ್ಲದೆ ಜೀವವಿಲ್ಲ.

ಹೊಡೆದು ಹಾಕಿದೆ. ಇಂಥ ವಾಕ್ಯ ಬರೆಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ, ಮತ್ತು ಇದನ್ನು ಬರೆದವನು ನಾನೇ. ಹಾಗಾದರೆ ಶುರು ಮಾಡುವುದು ಹೇಗೆ? ಹವಾಮಾನದಿಂದ? ‘ಅಂದು ರೋಣದಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು’ ಎಂದು? ರೋಣದಲ್ಲಿ ಬಿಸಿಲು ಯಾವತ್ತು ಚುರುಗುಟ್ಟಲಿಲ್ಲ, ಹೇಳಿ ನೋಡೋಣ. ಯಾರದೋ ಮಾತಿನಿಂದ? ಆಗ ಯಾರು ಯಾರಿಗೆ ಅಂದದ್ದು ಎಂದು ನೀವು ಹುಡುಕಬೇಕಾಗುತ್ತದೆ. ಅಷ್ಟು ಪುರುಸೊತ್ತು ನಿಮಗೆಲ್ಲಿದೆ, ಕೈಯಲ್ಲಿ ಫೋನ್ ಹಿಡಿದು ಕೂತಿದ್ದೀರಿ. ಸಾವಿನಿಂದ? ಸಾವು ಒಂದಿದೆ, ಆದರೆ ಅದು ಸ್ವಲ್ಪ ಆಮೇಲೆ ಬರುತ್ತದೆ.

ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತೇನೆ. ನನ್ನ ಹೆಸರು ಶ್ರೀಧರ. ರೋಣದ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ, ಉಳಿದ ಹೊತ್ತಿನಲ್ಲಿ ಕಥೆ ಬರೆಯುತ್ತೇನೆ (ಎರಡೂ ಕಡೆ ಹಾಜರಾತಿ ಅಷ್ಟಕ್ಕಷ್ಟೆ). ಒಂದು ಮಾಸಪತ್ರಿಕೆಯ ಸಂಪಾದಕರು ಫೋನ್ ಮಾಡಿ, “ಅಡ್ಡಗೋಡೆಗಳ ಬಗ್ಗೆ ಒಂದು ಲೇಖನ ಬೇಕಿತ್ತು ಸಾರ್. ಜೀವಿಗಳ ಒಳಗೆ, ಯಂತ್ರಗಳ ಒಳಗೆ ಇರುತ್ತಲ್ಲ, ಅವು. ಸ್ವಲ್ಪ ಲೈಟಾಗಿ ಇರ್ಲಿ” ಎಂದರು. ಲೈಟಾಗಿ! ಗೋಡೆಯನ್ನು ಲೈಟಾಗಿ ಬರೆಯುವುದು ಹೇಗೆ ಎಂದು ಕೇಳಬೇಕಿತ್ತು. ಕೇಳಲಿಲ್ಲ, ಹೂಂ ಅಂದೆ.

೨

ಲೇಖನದ ಕರಡು ಇಲ್ಲಿದೆ. ಲಗುಬಗೆಯಿಂದ ಓದಿ ಮುಗಿಸಿ, ಆದರೆ ಬಿಡಬೇಡಿ. ಇದನ್ನು ನನಗಿಂತ ಚೆನ್ನಾಗಿ ಓದಿಕೊಂಡವನೊಬ್ಬ ಮುಂದೆ ಬರುತ್ತಾನೆ.

‘ನಿಮ್ಮ ಮೂಗಿನ ನಡುವೆ ಒಂದು ಗೋಡೆಯಿದೆ. (ನನ್ನದು ಸೊಟ್ಟ. ಎಡಗಡೆಯಿಂದ ಉಸಿರು ಬರುವುದಿಲ್ಲ. ನನ್ನ ಸಿಟ್ಟಿಗೆ ಅದೇ ಕಾರಣ ಎಂದು ಹೆಂಡತಿಯ ತರ್ಕ.) ಹತ್ತಿಕಾಯಿಯನ್ನು ಅಡ್ಡಕ್ಕೆ ಕೊಯ್ದರೆ ಒಳಗೆ ಗೋಡೆಗಳು, ಒಂದೊಂದು ಕೋಣೆಯಲ್ಲಿ ಒಂದಿಷ್ಟು ಬೀಜ, ಒಂದಿಷ್ಟು ಅರಳೆ. ಟ್ರ್ಯಾಕ್ಟರಿನ ಬ್ಯಾಟರಿಯೊಳಗೆ ಒಂದು ಫಲಕಕ್ಕೂ ಇನ್ನೊಂದಕ್ಕೂ ನಡುವೆ ತೆಳ್ಳನೆಯ ಹಾಳೆ ಇರುತ್ತದೆ. ಅದು ಹರಿದರೆ ಬ್ಯಾಟರಿ ಸತ್ತಂತೆ. ಆದರೆ ಆ ಹಾಳೆಯಲ್ಲೂ ಕಣ್ಣಿಗೆ ಕಾಣದ ತೂತುಗಳಿರುತ್ತವೆ, ಅವು ಮುಚ್ಚಿದರೂ ಬ್ಯಾಟರಿ ಸತ್ತಂತೆಯೇ. ಇನ್ನು ಹೃದಯ. ಅದರ ಎಡ ಬಲಗಳ ನಡುವೆ ಗೋಡೆಯಿದೆ. ಮಗು ತಾಯಿಯ ಹೊಟ್ಟೆಯಲ್ಲಿರುವಾಗ ಆ ಗೋಡೆಯಲ್ಲಿ ಒಂದು ಕಿಂಡಿ ಇರುತ್ತದೆ. ಮಗುವಿನ ಶ್ವಾಸಕೋಶ ಇನ್ನೂ ಕೆಲಸಕ್ಕೆ ಹತ್ತಿರುವುದಿಲ್ಲ. ತಾಯಿಯ ಕಡೆಯಿಂದ ಬಂದ ರಕ್ತ ಆ ಕಿಂಡಿಯಲ್ಲಿ ಹಾದು ಮಗುವನ್ನು ಬದುಕಿಸುತ್ತದೆ. ಹುಟ್ಟಿ ಮೊದಲ ಉಸಿರು ಎಳೆದಾಗ ಕಿಂಡಿಗೆ ಕದ ಬೀಳುತ್ತದೆ. ಆಮೇಲೆ ನಿಧಾನಕ್ಕೆ ಬೆಸೆದುಕೊಂಡು ಗೋಡೆ ಪೂರ್ತಿಯಾಗುತ್ತದೆ. ತಾಯಿಯ ಆಸರೆ ಮುಗಿದ ಮೇಲೆ ಕಿಂಡಿ ಮುಚ್ಚುವುದೇ ಆರೋಗ್ಯದ ಲಕ್ಷಣ.’

ಕೊನೆಯ ವಾಕ್ಯ ಬರೆದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಹೆಂಡತಿ ಶ್ರದ್ಧಾಳಿಗೆ ಓದಿ ಹೇಳಿದೆ. ಅವಳು ಮೆಣಸಿನಕಾಯಿ ತೊಟ್ಟು ಮುರಿಯುತ್ತಾ ಕೇಳಿದಳು.

“ಎಲ್ಲಾ ಚಲೋ ಐತ್ರಿ. ಆದ್ರ ಇದರಾಗ ಒಬ್ಬ ಮನಷ್ಯಾನೂ ಇಲ್ಲಲ್ಲ?”

“ವಿಜ್ಞಾನದ ಲೇಖನ ಅದು.”

“ಆಗಲ್ರಿ. ಮನಷ್ಯಾರಿಲ್ಲದ್ದನ್ನ ಮನಷ್ಯಾರು ಯಾಕ ಓದತಾರ?”

ಸಿಟ್ಟು ಬಂತು. ಮೂಗಿನ ಬಲಗಡೆಯೂ ಮುಚ್ಚಿಕೊಂಡಿತು. ಎದ್ದು ಹೋಗಿ ಬಾಗಿಲು ಹಾಕಿಕೊಂಡೆ.

೩

ಸರಿ, ಮನುಷ್ಯರು ಬೇಕಂತೆ. ತಗೊಳ್ಳಿ ಮನುಷ್ಯರು.

ಗಜೇಂದ್ರಗಡದಲ್ಲಿ ಒಂದು ನೇಕಾರರ ಮನೆ. (ಹುಡುಕಿಕೊಂಡು ಹೋಗಬೇಡಿ, ಉದಾಹರಣೆಗೆಂದು ಈಗ ತಾನೆ ಕಟ್ಟಿದ್ದು.) ಅಣ್ಣತಮ್ಮಂದಿರು ಇಬ್ಬರು. ಅಣ್ಣ ಚನ್ನಬಸವ ಮಗ್ಗ ಬಿಟ್ಟು ಟೈಲ್ಸ್ ಅಂಗಡಿ ಇಟ್ಟವನು. ತಮ್ಮ ಅರುಣಕುಮಾರ ಟಂಟಂ ಆಟೋ ಓಡಿಸುತ್ತಾನೆ. ಮನೆಯಲ್ಲಿ ಈಗ ನೇಯುವವಳೆಂದರೆ ತಮ್ಮನ ಹೆಂಡತಿ ನಾಗರತ್ನಾ ಒಬ್ಬಳೇ. ಅವಳಿಗೆ ನೇಯಲು ಕಲಿಸಿದವಳು ಅತ್ತೆ ಚೌಡವ್ವ.

ಅಣ್ಣತಮ್ಮಂದಿರು ಬೇರೆಯಾದಾಗ ಉದ್ದನೆಯ ಪಡಸಾಲೆಯ ನಡುವೆ ಗೋಡೆ ಏಳಬೇಕಾಯಿತು. ತೊಂದರೆ ಏನೆಂದರೆ ಆ ಪಡಸಾಲೆಯಲ್ಲಿ ಕುಣಿಮಗ್ಗವಿತ್ತು. ನೋಡದವರಿಗೆ ಹೇಳುತ್ತೇನೆ. ನೇಯುವವರು ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂರುತ್ತಾರೆ. ಸೀರೆಯ ಉದ್ದನೆಯ ಎಳೆಗಳು ಅವರ ಎದುರಿಗೆ ಮೊಣಕಾಲೆತ್ತರದಲ್ಲಿ, ಪಡಸಾಲೆಯ ಆ ತುದಿಯ ಗೂಟದವರೆಗೆ ಬಿಗಿದು ನಿಂತಿರುತ್ತವೆ. ಆ ಎಳೆಗಳ ಹಾಳೆಗೆ ಹಾಸು ಎನ್ನುತ್ತಾರೆ. ನೇಯ್ದಷ್ಟನ್ನು ಈಚೆ ಸುತ್ತಿಕೊಳ್ಳಬೇಕು, ಆಚೆಯಿಂದ ಅಷ್ಟೇ ಸಡಿಲ ಬಿಡಬೇಕು, ಆಗ ಹಾಸು ಮುಂದೆ ಸರಿಯುತ್ತದೆ. ಪಾಲು ಮಾಡಿದಾಗ ಕುಣಿ ತಮ್ಮನಿಗೆ ಬಂತು, ಗೂಟ ಅಣ್ಣನಿಗೆ ಹೋಯಿತು.

ಚೌಡವ್ವ ಆಗ ಬದುಕಿದ್ದಳು. ಕಟ್ಟೆಯ ಮೇಲೆ ಕೂತು ಎಲೆ ಹಾಕಿಕೊಳ್ಳುತ್ತ ಇಷ್ಟೇ ಅಂದಳು:

“ಗ್ವಾಡಿ ಕಟಗೋರಿ, ನಾ ಬ್ಯಾಡ ಅನ್ನೂದಿಲ್ಲ. ಎಳಿ ಹಾಯಾಕ ದಾರಿ ಬಿಟ್ಟು ಕಟಗೋರಿ.”

ಹೀಗೆ ಗೋಡೆಯಲ್ಲಿ ಒಂದು ಕಿಂಡಿ ಉಳಿಯಿತು. ಸೀರೆ ಎಷ್ಟಗಲವೋ ಅಷ್ಟಗಲ, ಗೇಣಿನಷ್ಟು ಎತ್ತರ. ಹಾಸು ಅದರಲ್ಲಿ ತೂರಿ ಅಣ್ಣನ ಪಡಸಾಲೆ ದಾಟಿ ಗೂಟಕ್ಕೆ ಹೋಗುತ್ತಿತ್ತು. ಗೂಟದ ಹಗ್ಗವನ್ನು ಅದೇ ಕಿಂಡಿಯಿಂದ ವಾಪಸು ತಂದು ನಾಗರತ್ನಾ ತನ್ನ ಬಲಗೈಗೆ ಸಿಗುವಂತೆ ಕಟ್ಟಿಕೊಂಡಿದ್ದಳು. ಸಡಿಲ ಬಿಡಲು ಆಚೆಯವರನ್ನು ಕರೆಯುವ ಹಂಗಿರಲಿಲ್ಲ.

ಇನ್ನೊಂದು ಮಾತು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಆ ಓಣಿಯಲ್ಲಿ ನೇಯ್ದು ಮುಗಿದ ಸೀರೆಗೆ ಕತ್ತರಿ ಹಾಕುತ್ತಾರೆ, ನಡೆಯುತ್ತಿರುವ ಹಾಸಿನ ಎಳೆಗಳಿಗೆ ಹಾಕುವುದಿಲ್ಲ. ಒಂದು ಹಾಸು ತೀರಿದಾಗಲೂ ಮಗ್ಗವನ್ನು ಬರಿದು ಮಾಡುವುದಿಲ್ಲ. ಉಳಿದ ಹಳೆಯ ತುದಿಗಳಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸುತ್ತಾರೆ. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಚೌಡವ್ವ ಮದುವೆಯಾಗಿ ಬಂದಾಗ ಹಚ್ಚಿದ ಹಾಸಿನ ತುದಿಗೇ ಕೆಚ್ಚುತ್ತ ಕೆಚ್ಚುತ್ತ ಬಂದು ನಾಗರತ್ನಾ ಇವತ್ತಿನ ಪಟ್ಟೇದಂಚಿನ ಸೀರೆ ನೇಯುತ್ತಿದ್ದಾಳೆ. ಮಗ್ಗ ಒಂದು ದಿನವೂ ಬರಿದಾಗಿಲ್ಲ.

ಇಷ್ಟಾದ ಮೇಲೆ ನಾನು ಬರೆದೆ: ‘ನಾಗರತ್ನಾ ವಿಧವೆ.’

೩, ಮತ್ತೆ

“ಯಾರ್ರೀ ಅದು, ನನ್ನ ಗಂಡನ್ನ ಕೊಂದಾವ್ರು?”

ಕೇಳಿದ್ದು ನಾಗರತ್ನಾ. ಕುಣಿಯಲ್ಲಿ ಕೂತಿದ್ದಳು, ಲಾಳಿ ಕೈಯಲ್ಲೇ ಇತ್ತು, ಎಸೆದರೆ ನನ್ನ ಹಣೆಗೇ ಬರುವಂತಿತ್ತು.

“ಅಕ್ಕಾರ, ಅದು ಕಥಿಗೆ ಬೇಕಾಗಿತ್ರಿ,” ಎಂದೆ. “ವಿಧವೆ ಅಂದ್ರ ಓದೋರಿಗೆ ಲಗೂನ ಕರುಣಾ ಬರತೈತಿ.”

“ಅವರ ಕರುಣಾ ತಗೊಂಡ ಹೋಗಿ ಒಲಿಗೆ ಹಾಕ್ರಿ. ಅಂವ ಬಸ್‌ಸ್ಟ್ಯಾಂಡಿನ್ಯಾಗ ಟಂಟಂ ನಿಂದ್ರಿಸಿ ಚಾ ಕುಡಿಯಾಕತ್ತಾನ. ಅಣ್ಣನ ಮುಂದ ಬಾಯಿ ಬಿಡೂದಿಲ್ಲಂದ್ರ ಸತ್ತಂಗ ಏನ್ರಿ? ನಾ ಅಂವಗ ಬೈಯೂದು ಭಾಳ ಐತಿ. ಬೈಸಿಕೊಳ್ಳಾಕರ ಅಂವ ಬದುಕಿರಬೇಕು.”

ಬದುಕಿಸಿದೆ. ಅರುಣಕುಮಾರ ಬಸ್‌ಸ್ಟ್ಯಾಂಡಿನಲ್ಲಿ ಎರಡನೇ ಕಪ್ ಚಹಾ ಹೇಳಿದ. ಇಂಥವನನ್ನು ಬದುಕಿಸಿ ಏನು ಸಾಧಿಸಿದೆನೋ ನನಗಂತೂ ಗೊತ್ತಿಲ್ಲ.

೫

(ನಾಲ್ಕನೆಯ ಭಾಗ ಇಲ್ಲ. ಅದರಲ್ಲಿ ಮಗ್ಗದ ಸದ್ದನ್ನು ಎರಡು ಪುಟ ವರ್ಣಿಸಿದ್ದೆ. ನಾಗರತ್ನಾ ಓದಿ, “ನಮಗ ಅದು ಗದ್ದಲ ಸರ್‍ರ, ನಿಮಗ ಹಾಡ ಆಗಿ ಕೇಳಸ್ತೇನ?” ಎಂದಳು. ಹರಿದು ಹಾಕಿದೆ.)

ಹೋದ ಶ್ರಾವಣದಲ್ಲಿ ಚೌಡವ್ವ ತೀರಿಕೊಂಡಳು. ನಾನು ಹೇಳಿದ ಸಾವು ಇದೇ. ಇದರಲ್ಲಿ ವಿಶೇಷವೇನಿಲ್ಲ, ವಯಸ್ಸಾಗಿತ್ತು, ಊಟ ಮಾಡಿ ಮಲಗಿದವಳು ಏಳಲಿಲ್ಲ. ಆದರೆ ಅವಳು ಹೋದ ಮೇಲೆ ಚನ್ನಬಸವ ತನ್ನ ಪಡಸಾಲೆಗೆ ಹೊಸ ಟೈಲ್ಸ್ ಹಾಕಿಸಿದ, ಸೋಫಾ ತಂದ, ಎ.ಸಿ. ಕೂರಿಸಿದ. ಎ.ಸಿ. ಹಾಕಿದ ಮೇಲೆ ಅವನ ಕಣ್ಣು ಕಿಂಡಿಯ ಮೇಲೆ ಬಿತ್ತು.

“ನೋಡ್ರಿ ಸರ್‍ರ,” ಎಂದ ನನಗೆ, “ಮಷಿನ್ ನಂದು, ಕರೆಂಟ್ ನಂದು. ತಂಪೆಲ್ಲಾ ಆ ತೂತಿನ್ಯಾಗಿಂದ ಅವರ ಮನಿಗೆ ಹೊಂಟೈತಿ. ಯಾವ ನ್ಯಾಯ ಇದು?”

ಈ ಮಾತಿಗೆ ನನಗೆ ಬಂದ ಸಿಟ್ಟು ಎಷ್ಟೆಂದರೆ, ನಡು ಪ್ಯಾರಾದಲ್ಲೇ ಅವನಿಗೆ ಹಲ್ಲುನೋವು ಕೊಟ್ಟೆ. ಲೇಖಕನಾದವನಿಗೆ ಇಷ್ಟಾದರೂ ಅಧಿಕಾರ ಬೇಡವೆ? ಅವನು ದವಡೆ ಹಿಡಿದುಕೊಂಡ, ಕಣ್ಣಲ್ಲಿ ನೀರು ಬಂತು, ಆದರೂ ಮಾತು ಬಿಡಲಿಲ್ಲ.

“ನಿಮಗ ಹಲ್ಲು ನೋಯಿಸಾಕ ಬರತೈತಿ. ಉತ್ತರ ಕೊಡಾಕ ಬರತೈತೇನು? ನಮ್ಮ ಮನ್ಯಾಗ ನಡುಮಧ್ಯ ಅವರ ಹಾಸು. ಅದನ್ನ ದಾಟಬಾರದು, ತುಳೀಬಾರದು. ತೆವಳಿ ತೆವಳಿ ಅದರ ಬುಡಕ ತೂರಿ ನನ್ನ ಹೇಣ್ತಿ ರೇಷ್ಮಾನ ನಡಾ ಹೋಗೇತಿ. ಬೀಗರು ಬಂದ್ರ ಗ್ವಾಡಿ ಹಿಡಕೊಂಡು ಹೋಗಬೇಕು. ಅವ್ವ ಇರೂತನಾ ಬಾಯಿ ಮುಚಿಗೊಂಡಿದ್ದೆ. ನಿಮ್ಮ ಮನ್ಯಾಗ ಹಿಂಗಿದ್ರ ನೀವು ಸುಮ್ಕ ಇರತಿದ್ರೇನು?”

ಇರುತ್ತಿರಲಿಲ್ಲ. ನನ್ನ ಮನೆಯ ಮುಂದೆ ಪಕ್ಕದವರು ಬೈಕ್ ನಿಲ್ಲಿಸಿದರೆ ಇಡೀ ಓಣಿಗೆ ಕೇಳುವಂತೆ ಕೂಗುವವನು ನಾನು. ಕೆಟ್ಟವನ ಬಾಯಲ್ಲಿ ಖರೇ ಮಾತು ಬಂದಾಗ ಬರೆಯುವವನಿಗೆ ಆಗುವ ಸಂಕಟ ಓದುವವರಿಗೆ ತಿಳಿಯುವುದಿಲ್ಲ ಬಿಡಿ. ಗೂಟವನ್ನು ಗೋಡೆಯ ಈಚೆಗೆ ತರಬಹುದೇ ಎಂದು ನಾಗರತ್ನಾಳನ್ನೂ ಕೇಳಿದೆ. ಅವಳ ಪಾಲಿನಲ್ಲಿ ಉದ್ದ ಸಾಲುವುದಿಲ್ಲ. ಕುಣಿಯಿಂದ ಗೋಡೆಗೆ ಕೈ ಚಾಚಿದರೆ ಮುಗಿಯಿತು.

ಆಮೇಲೆ ಚನ್ನಬಸವ ಅಂದದ್ದು ಇದು:

“ಮತ್ತ ನೀವ ಬರದೀರಲ್ರಿ ಮ್ಯಾಲೆ, ಎರಡನೇ ಭಾಗದಾಗ. ತಾಯಿ ಆಸರ ಮುಗದ ಮ್ಯಾಲ ಕಿಂಡಿ ಮುಚ್ಚೂದ ಆರೋಗ್ಯದ ಲಕ್ಷಣ ಅಂತ. ನಮ್ಮವ್ವ ಹೋದಳು. ನಾ ಮುಚ್ಚತೀನಿ. ವಿಜ್ಞಾನ ಹೇಳಿದ್ದ ಮಾಡಾಕತ್ತೀನಿ ನಾ.”

ನನ್ನ ವಾಕ್ಯ! ನಾನು ಬೆನ್ನು ತಟ್ಟಿಕೊಂಡ ವಾಕ್ಯ!

ಮೇಲಿನ ಪ್ಯಾರಾಗಳನ್ನು ಪಾತ್ರಗಳಿಗೆ ಓದಲು ಕೊಡಬಾರದು ಎಂದು ಯಾರಾದರೂ ನನಗೆ ಹೇಳಬೇಕಿತ್ತು. ಹೃದಯದ ಬಗ್ಗೆ ಬರೆದದ್ದು ಹೃದಯದ ಬಗ್ಗೆ ಬರೆದದ್ದು ಮಾರಾಯ, ನಿನ್ನ ಪಡಸಾಲೆಯ ಬಗ್ಗೆ ಅಲ್ಲ ಎಂದು ಕೂಗಿದೆ. ಅವನು ನಕ್ಕ. ದವಡೆ ಹಿಡಿದುಕೊಂಡೇ ನಕ್ಕ.

೬

ಆವೇಶದಲ್ಲಿ ಲೇಖನಕ್ಕೆ ಹೊಸ ಪ್ಯಾರಾ ಸೇರಿಸಿದೆ.

‘ನರಗುಂದದ ಕಡೆ ಹೋಗುವ ನೀರಿನ ಟ್ಯಾಂಕರುಗಳನ್ನು ನೋಡಿರುತ್ತೀರಿ. ದೊಡ್ಡ ಟ್ಯಾಂಕರಿನ ಹೊಟ್ಟೆಯೊಳಗೆ ಅಡ್ಡಕ್ಕೆ ತಗಡಿನ ಗೋಡೆಗಳಿರುತ್ತವೆ. ಗೋಡೆಯೇ ಇಲ್ಲದಿದ್ದರೆ ಬ್ರೇಕ್ ಹಾಕಿದಾಗ ನೀರೆಲ್ಲ ಒಮ್ಮೆಲೇ ಮುಂದಕ್ಕೆ ನುಗ್ಗಿ ಗಾಡಿ ಪಲ್ಟಿಯಾಗುತ್ತದೆ. ಆದರೆ ಆ ಗೋಡೆಗಳಲ್ಲಿ ಬೇಕೆಂದೇ ತೂತು ಬಿಟ್ಟಿರುತ್ತಾರೆ. ಮುಚ್ಚಿದರೆ ನೀರು ಒಂದೇ ಕಡೆ ತುಂಬಿಕೊಳ್ಳುತ್ತದೆ. ಗೋಡೆಯೂ ಬೇಕು, ತೂತೂ ಬೇಕು.’

ಚನ್ನಬಸವನಿಗೆ ಓದಿ ಹೇಳಿದೆ. ಈಗ ಏನಂತೀ ಎಂದು ಮುಖ ನೋಡಿದೆ.

“ಟ್ಯಾಂಕರಿನ್ಯಾಗ ಎರಡೂ ಕಡಿ ಒಬ್ಬಾವನ ನೀರು ಸರ್‍ರ,” ಎಂದ. “ಇಲ್ಲಿ ಮನಿ ಎರಡು.”

ಇವನನ್ನು ಇಷ್ಟು ಜಾಣನನ್ನಾಗಿ ಮಾಡಿದವರು ಯಾರು? ಟೈಲ್ಸ್ ಮಾರುವವನಿಗೆ ಇಷ್ಟು ಬಾಯಿ ಕೊಟ್ಟವರು ಯಾರು? ಬೇರೆಯವರ ಕಥೆಗಳಲ್ಲಿ ದುಷ್ಟರು ಮೀಸೆ ತಿರುವಿ ಒಂದು ಬೈಗುಳ ಬೈದು ಸುಮ್ಮನಾಗುತ್ತಾರೆ. ನನ್ನವನು ವಾದ ಮಾಡುತ್ತಾನೆ.

೭

ಊರಿನ ಗಾರೆ ಕೆಲಸದ ಗೌಂಡಿಗಳು ಯಾರೂ ಆ ಕೆಲಸಕ್ಕೆ ಒಪ್ಪಲಿಲ್ಲ. ಅದು ಚೌಡವ್ವ ಬಿಡಿಸಿದ ಕಿಂಡಿ ಎಂದು ಎಲ್ಲರಿಗೂ ಗೊತ್ತಿತ್ತು. ಚನ್ನಬಸವ ನರಗುಂದದಿಂದ ಮೌಲಾಸಾಬ ಎಂಬ ಗೌಂಡಿಯನ್ನು ಕರೆಸಿದ. ನಾಗರತ್ನಾ ನೂಲು ತರಲು ಹೋದದ್ದನ್ನು ನೋಡಿಕೊಂಡು ಕೆಲಸ ಶುರು ಮಾಡಿಸಿದ. ಕಿಂಡಿಯಲ್ಲಿ ಹಾಸು ಬಿಗಿದು ನಿಂತಿತ್ತು. ಈಚೆಯ ಮಗ್ಗದಲ್ಲಿ ಸೀರೆ ಅರ್ಧ ಆಗಿತ್ತು.

ಮೌಲಾಸಾಬ ಕರಣಿ ಹಿಡಿದು ನಿಂತು ಕೇಳಿದ, “ಸಾವಕಾರ್ರ, ಈ ಎಳಿ ಕಡದ ಕೊಡ್ರಿ, ಇಟ್ಟಂಗಿ ಕೂಡಸ್ತೀನಿ.”

ಚನ್ನಬಸವ ಬೆಚ್ಚಿಬಿದ್ದ. ಅವನ ಮುಖದಲ್ಲಿ ನಿಜವಾದ ಭಯ ಕಂಡಿತು. ಇದು ನಾನು ಕೊಟ್ಟದ್ದಲ್ಲ, ಅವನಲ್ಲೇ ಇತ್ತು.

“ಏ, ಹುಚ್ಚಗಿಚ್ಚ ಹಿಡದೈತೇನ ನಿನಗ! ನೇಕಾರನ ಮಗಾ ಅದೀನಿ ನಾ. ನಡದ ಹಾಸು ಕಡದ ಮನಿ ನಮ್ಮ ಓಣ್ಯಾಗ ಒಂದೂ ಇಲ್ಲ. ಕತ್ತರಿ ಮುಟ್ಟಬ್ಯಾಡ ಅದಕ್ಕ.”

“ಮತ್ತ ಹ್ಯಾಂಗ ಮುಚ್ಚಲ್ರಿ?”

“ಎಳಿ ಎಳಿ ಇದ್ದಂಗ ಇರಲಿ. ಮ್ಯಾಲೆ ಕೆಳಗ ಇಟ್ಟಂಗಿ ಇಟ್ಟು, ಸುತ್ತಲೂ ಸಿಮೆಂಟ್ ಮಾಲು ತುಂಬು. ನಾವೇನು ಕಡದಿಲ್ಲಲ್ಲ.”

ಬೇರೆ ಯಾರಾದರೂ ಆಗಿದ್ದರೆ ಚರಚರ ಕತ್ತರಿಸಿ ಮೂಲೆಗೆ ಎಸೆದು ಇಟ್ಟಂಗಿ ಕಟ್ಟುತ್ತಿದ್ದರು. ಹಾಸು ಕಡಿಯಬಾರದೆಂದು ಎಳವೆಯಿಂದ ಕಲಿತವನಿಗೆ ಮಾತ್ರ ಅದನ್ನು ಜೀವಂತ ಹೂಳುವ ಉಪಾಯ ಹೊಳೆಯಿತು. ಅದನ್ನು ಅವನು ಮರ್ಯಾದೆ ಎಂದುಕೊಂಡಿದ್ದಾನೆ. ಪಾಪ ತನಗೆ ತಟ್ಟುವುದಿಲ್ಲ ಎಂದು ಲೆಕ್ಕ ಹಾಕಿದ್ದಾನೆ. ಗೋಡೆ ಹಿಡಿದುಕೊಂಡ ಹಾಸು ಇನ್ನು ಮುಂದೆ ಸರಿಯುವುದಿಲ್ಲ. ಸರಿಯದ ಹಾಸಿನ ಮೇಲೆ ಅವಳು ಅಂಗೈಯಷ್ಟು ನೇಯ್ದಾಳು, ಆಮೇಲೆ ಲಾಳಿ ಹಾಯುವುದಿಲ್ಲ. ಆಗ ಮಗ್ಗ ಬಿಡಿಸಬೇಕೆಂದರೆ ಅವಳೇ ಕತ್ತರಿ ಹಾಕಬೇಕು. ಅತ್ತೆಯ ಕಾಲದಿಂದ ಬರಿದಾಗದ ಮಗ್ಗವನ್ನು ಬರಿದು ಮಾಡಿದವಳು ಎಂಬ ಹೆಸರು ಅವಳಿಗೇ ಬರಬೇಕು. ಎಂಥ ಹಲ್ಕಾ ಬುದ್ಧಿ!

ನಾಗರತ್ನಾ ಬಂದಳು. ನೂಲಿನ ಗಂಟು ಇಳಿಸಿದಳು, ನೀರು ಕುಡಿದಳು, ಕುಣಿಗೆ ಇಳಿದಳು. ಬಲಗೈಯಿಂದ ಹಗ್ಗ ಸಡಿಲಿಸಲು ಹೋದರೆ ಹಗ್ಗ ಬರಲಿಲ್ಲ. ಇನ್ನೊಮ್ಮೆ ಎಳೆದಳು. ತಲೆ ಎತ್ತಿ ನೋಡಿದರೆ ಕಿಂಡಿ ಇದ್ದಲ್ಲಿ ಬೂದುಬಣ್ಣದ ಹಸಿ ಗಿಲಾವು, ಅದರ ನಡುವಿನಿಂದ ಅವಳ ಎಳೆಗಳು ಹೊರಗೆ ಬಂದಿದ್ದವು.

ಅವಳು ಅಳಲಿಲ್ಲ. (ಅಳಿಸಲು ಪ್ರಯತ್ನ ಮಾಡಿದೆ, ಒಪ್ಪಲಿಲ್ಲ.) ಗಂಡನಿಗೆ ಫೋನ್ ಹಚ್ಚಿದಳು.

“ಅಣ್ಣ ಮಾಡ್ಯಾನಂದ್ರ ಏನರ ವಿಚಾರ ಮಾಡೇ ಮಾಡಿರತಾನ,” ಎಂದ ಅರುಣಕುಮಾರ. “ನೀ ಸುಮ್ನಿರು. ಗಿರಾಕಿ ಅದಾರ, ಆಮ್ಯಾಲ ಮಾತಾಡತೀನಿ.”

ಓಣಿಗೆ ಓಡಿ ಬಂದಳು. ಮೌಲಾಸಾಬ ಸಾಮಾನಿನ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ಹೊರಟಿದ್ದ. ಅವಳ ಮುಖ ನೋಡಿದವನು ನಿಂತ.

“ನನಗೇನ ಗೊತ್ತಿರಲಿಲ್ಲ ಯವ್ವಾ. ಒಂದ ಮನೀದ ಅಂದ್ಕೊಂಡಿದ್ದೆ,” ಎಂದ. ನಂತರ ದನಿ ತಗ್ಗಿಸಿ, “ಮಾಲು ಇನ್ನೂ ಹಸಿ ಐತಿ. ಸಂಜಿಮಟಾ ಬಿಟ್ಟಿ ಅಂದ್ರ ಕಲ್ಲಾಗತೈತಿ ನೋಡು.”

೮

ಇಲ್ಲಿಗೆ ನಾನು ಕಥೆಯ ಅಂತ್ಯಕ್ಕೆ ಬಂದೆ. ಕುರ್ಚಿ ಸರಿಮಾಡಿಕೊಂಡು ಕೂತೆ. ಅಂತ್ಯ ಬರೆಯುವಾಗ ನನಗೆ ಫ್ಯಾನ್ ಜೋರಾಗಿರಬೇಕು.

ಅಂತ್ಯ ಅ. ಓಣಿಯ ಹಿರಿಯರು ಕೂಡಿದರು. ಎರಡೂ ಕಡೆಯವರ ಮಾತು ಕೇಳಿದರು. ತುಂಬ ವಿಚಾರ ಮಾಡಿ...

“ಸರ್‍ರ,” ಎಂದಳು ನಾಗರತ್ನಾ, “ಹಿರ್‍ಯಾರು ಕೂಡೂದು ಯಾವಾಗ? ಅವರಿಗೆ ಚಾ ಮಾಡಿ ಕೊಡೂದು ಯಾವಾಗ? ಸಿಮೆಂಟ್ ಒಣಗಾಕತ್ತೈತಿ.”

ಅಂತ್ಯ ಬ. ಮಧ್ಯಾಹ್ನ ಸೋಫಾದ ಮೇಲೆ ಒರಗಿದ ಚನ್ನಬಸವನ ಕನಸಿನಲ್ಲಿ ಚೌಡವ್ವ ಬಂದಳು. ಮಗನೇ ಎಂದಳು. ಅವನು ಬೆವೆತು ಎದ್ದು ಕೂತು...

“ಬದುಕಿದ್ದಾಗ ಅವ್ವನ ಮಾತು ಒಳಗೊಳಗ ಬೈಕೋಂತ ಕೇಳಿದಾಂವ, ಕನಸಿನ್ಯಾಗ ಬಂದ್ರ ಕೇಳತಾನೇನ್ರಿ? ಎ.ಸಿ. ಐತಿ, ಬೆವರೂ ಬರಂಗಿಲ್ಲ ಅವಗ. ಮುಂದ ನಡೀರಿ, ಲಗೂ.”

ಅಂತ್ಯ ಕ. ನಾಗರತ್ನಾ ಗೋಡೆಗೆ ಕಿವಿ ಇಟ್ಟಳು. ಆ ಕಡೆಯಿಂದ ಕೆರೆಯುವ ಸದ್ದು. ನೆಗೆಣ್ಣಿ, ಚನ್ನಬಸವನ ಹೆಂಡತಿ ರೇಷ್ಮಾ, ಗಂಡನಿಗೆ ಕಾಣದಂತೆ ಹಸಿ ಸಿಮೆಂಟು ಕೆರೆಯುತ್ತಿದ್ದಳು. ಇಬ್ಬರು ಹೆಂಗಸರ ಬೆರಳುಗಳು ಗೋಡೆಯ ನಡುವೆ...

ನಾಗರತ್ನಾ ಗೋಡೆಯ ಕಡೆ ನೋಡಿದಳು.

“ಬರೀಬ್ಯಾಡ್ರಿ. ಆಕಿ ಬಂದಿಲ್ಲ. ಬರಲಿ ಅಂತ ನನಗೂ ಆಸೆ ಐತಿ, ಸುಳ್ಳ ಯಾಕ ಹೇಳಲಿ. ಬಾಣಂತನದಾಗ ಇದ ಕಿಂಡ್ಯಾಗ ನನಗ ಬಿಸಿ ಅಂಬಲಿ ಸರಿಸ್ಯಾಳ ಆಕಿ. ಆದ್ರ ಇವತ್ತ ಬಂದಿಲ್ಲ. ಬಾರದಾಕಿನ್ನ ಬಂದಾಳ ಅಂತ ಬರದ್ರ ಓದಿದವ್ರು ಹಗುರಾಗಿ ನಿದ್ದಿ ಮಾಡತಾರ. ಮಾಡಬಾರದವ್ರು.”

ಉಳಿದದ್ದು ಅಂತ್ಯ ಡ. ಇದನ್ನು ನಾನು ಮೊದಲೇ ಬರೆದಿಟ್ಟಿದ್ದೆ. ನಿಜ ಹೇಳಬೇಕೆಂದರೆ ಇಡೀ ಕಥೆಯಲ್ಲಿ ನಾನು ಮೈಮರೆತು ಬರೆದದ್ದು ಇದೊಂದನ್ನೇ. ಅದರಲ್ಲಿ ಸಂಜೆಯಾಗುತ್ತದೆ, ಗೋಡೆ ಕಲ್ಲಾಗುತ್ತದೆ, ನಾಗರತ್ನಾ ಕತ್ತರಿ ತರುತ್ತಾಳೆ. ಒಂದೊಂದೇ ಎಳೆ ಕಡಿಯುತ್ತಾಳೆ, ಪ್ರತಿ ಎಳೆಗೂ ಸಣ್ಣ ಸದ್ದಾಗುತ್ತದೆ. ಕೊನೆಗೆ ಬರಿಯ ಮಗ್ಗ, ಬರಿಯ ಕುಣಿ, ಗೋಡೆಯಿಂದ ಹೊರಬಂದ ತುಂಡು ಎಳೆಗಳು. ಸಂಪಾದಕರು ಇದನ್ನು ಓದಿದರೆ ಲೈಟು ಗೀಟು ಎಲ್ಲ ಮರೆತು ಮುಖಪುಟಕ್ಕೆ ಹಾಕುತ್ತಾರೆ ಎಂದು ನನಗೆ ಖಾತ್ರಿಯಿತ್ತು.

ನಾಗರತ್ನಾ ಪೂರ್ತಿ ಓದಿದಳು. ಎರಡು ಸಲ ಓದಿದಳು.

“ಇದ ಬೇಕಾಗಿತ್ತು ನಿಮಗ, ಹೌದಿಲ್ಲೋ?”

“ಹಂಗಲ್ಲ ಅಕ್ಕಾರ...”

“ಹಂಗ ಐತಿ. ನಾ ಕತ್ತರಿ ಹಾಕಿದ್ರ ನಿಮ್ಮ ಕಥಿ ಚಲೋ ಆಗತೈತಿ. ನಾಲ್ಕು ಮಂದಿ ಚುಚ್ ಚುಚ್ ಅಂತಾರ, ನಿಮಗ ಹಾರ ಹಾಕತಾರ. ಆ ಕಡಿ ನಮ್ಮ ಭಾವಾರು ಸೋಫಾದಾಗ ಕುಂತು ಅದನ್ನ ಕಾಯಾಕತ್ತಾರ, ಈ ಕಡಿ ನೀವು ಕುರ್ಚ್ಯಾಗ ಕುಂತು ಅದನ್ನ ಕಾಯಾಕತ್ತೀರಿ. ಅವರು ತಿಳಿಯದ ಮಾಡಿದ್ರು ಅನ್ನೂನು. ನೀವು ಓದಿದವ್ರು. ನನ್ನ ಮಗ್ಗ ಸಾಯಬೇಕು ಅಂತ ಆಸೆ ಪಟಗೊಂಡ ಕುಂತೀರಲ್ಲ, ನಾಚಿಗಿ ಬರಲಿಲ್ಲೇನ್ರಿ?”

ಸಿಟ್ಟು ಬಂತು, ಆದರೆ ಯಾರ ಮೇಲೆ ಮಾಡಲಿ ಎಂದು ತಿಳಿಯಲಿಲ್ಲ. ಅಂತ್ಯ ಡ ಬರೆದ ಹಾಳೆಯನ್ನು ಹರಿಯಲು ಹೋದೆ. ಒಂದು ಕ್ಷಣ ಕೈ ಬರಲಿಲ್ಲ, ಅಷ್ಟು ಚೆನ್ನಾಗಿ ಬಂದಿತ್ತು. ಆಮೇಲೆ ಹರಿದೆ.

“ಮತ್ತ ಈಗ?” ಎಂದೆ.

“ಈಗೇನು? ಏಳ್ರಿ. ನೀರಿನ ಕೊಡ ತರ್ರಿ.”

೯

(ಇದಕ್ಕೆ ಕರಡು ಇಲ್ಲ. ಆದ ಹಾಗೆ ಬರೆಯುತ್ತಿದ್ದೇನೆ, ತಪ್ಪಿದ್ದರೆ ತಿದ್ದಿಕೊಳ್ಳಿ.)

ಅವಳು ಗೋಡೆಯ ಬುಡದಲ್ಲಿ ಮಂಡಿಯೂರಿ ಕೂತಿದ್ದಾಳೆ. ಚೊಂಬಿನಿಂದ ಕಿಂಡಿಗೆ ನೀರು ಸುರಿಯುತ್ತಾಳೆ, ಮೆತ್ತಗಾದ ಸಿಮೆಂಟನ್ನು ಚಮಚದಿಂದ ತೋಡುತ್ತಾಳೆ. ಎಳೆಗಳ ಹತ್ತಿರ ಚಮಚ ಹಚ್ಚುವುದಿಲ್ಲ, ಬರಿಗೈ ಹಾಕಿ ತೀಡುತ್ತಾಳೆ. ಬೆರಳ ತುದಿಗಳು ಆಗಲೇ ಸುಟ್ಟು ಬೆಳ್ಳಗಾಗಿವೆ. ಇಟ್ಟಂಗಿ ಒಂದು ಸಡಿಲಾಯಿತು. ಅದನ್ನು ಎಳೆದು ಹಿಂದಕ್ಕೆ ಬಿಸಾಕಿದಳು, ನನ್ನ ಕಾಲಿಗೆ ಬಡಿಯಿತು, ತಿರುಗಿ ನೋಡಲಿಲ್ಲ.

ನೀರು ಆಚೆಗೂ ಹರಿದಿರಬೇಕು. ಚನ್ನಬಸವ ಕೂಗಿಕೊಂಡ.

“ಯಾರದು! ನನ್ನ ಟೈಲ್ಸ್ ಮ್ಯಾಲೆಲ್ಲಾ ರಾಡಿ! ಏ ನಾಗರತ್ನಾ, ಏನ ಮಾಡಾಕತ್ತಿ?”

“ದಾರಿ ಬಿಡಸಾಕತ್ತೀನಿ ಭಾವಾರ.”

“ಬಿಡಸ್ತೀ? ನಾನೂ ನೋಡತೀನಿ.”

ಆಚೆ ಸಲಿಕೆಯ ಸದ್ದು. ಅವನೇ ಸಿಮೆಂಟು ಕಲಸುತ್ತಿದ್ದಾನೆ. ಅಂಗಡಿಯವನು, ಸಿಮೆಂಟಿಗೇನು ಬರ? ಅವಳು ಈ ಕಡೆಯಿಂದ ಒಂದು ಹಿಡಿ ತೆಗೆದರೆ ಅವನು ಆ ಕಡೆಯಿಂದ ಒಂದು ಹಿಡಿ ತುರುಕುತ್ತಾನೆ. ಕಿಂಡಿಯಲ್ಲಿ ಒಮ್ಮೆ ಅವನ ಕರಣಿ ಕಾಣುತ್ತದೆ, ಒಮ್ಮೆ ಅವಳ ಚಮಚ. ಎಳೆಗಳಿಗೆ ಅವನೂ ಪೆಟ್ಟು ಮಾಡುತ್ತಿಲ್ಲ, ಅವಳೂ ಮಾಡುತ್ತಿಲ್ಲ. ಇಬ್ಬರೂ ಬಾಯಿಗೆ ಬಂದಂತೆ ಬೈದಾಡುತ್ತ, ಎಳೆಯ ಹತ್ತಿರ ಬಂದಾಗ ಮಾತ್ರ ಕೈ ಹಗುರ ಮಾಡುತ್ತಾರೆ. ಇದನ್ನು ನೋಡಿ ನಗಬೇಕೋ ಎದೆ ಬಡಿದುಕೊಳ್ಳಬೇಕೋ ನನಗೆ ತಿಳಿಯುತ್ತಿಲ್ಲ.

‘ಅಷ್ಟರಲ್ಲಿ ಚನ್ನಬಸವನ ಸಿಮೆಂಟು ತೀರಿತು’ ಎಂದು ಬರೆದು ನೋಡಿದೆ. ಆಚೆಯಿಂದ ಹೊಸ ಚೀಲ ಹರಿಯುವ ಸದ್ದು ಕೇಳಿತು. ‘ಅರುಣಕುಮಾರ ಟಂಟಂ ಬಿಟ್ಟು ಓಡಿ ಬಂದ’ ಎಂದು ಬರೆದೆ. ಯಾರೂ ಬರಲಿಲ್ಲ. ನಾನು ಬರೆದದ್ದು ಯಾವುದೂ ಈಗ ನಡೆಯುತ್ತಿಲ್ಲ.

ಎಳೆಗಳು ಒಂದೊಂದಾಗಿ ತುಂಡಾಗುತ್ತಿವೆ. ಯಾರೂ ಕಡಿದದ್ದಲ್ಲ, ಸಿಮೆಂಟು ತಿಂದದ್ದು. ತುಂಡಾದದ್ದನ್ನು ನಾಗರತ್ನಾ ಅಲ್ಲೇ ಕೆಚ್ಚುತ್ತಿದ್ದಾಳೆ. ತೋಡುವುದು, ಕೆಚ್ಚುವುದು, ಮತ್ತೆ ತೋಡುವುದು. ಒಬ್ಬಳಿಗೆ ಆಗುವ ಕೆಲಸವಲ್ಲ. ಹೊಸೆಯುವಾಗ ಆಚೆಯ ತುದಿ ಹಿಂದಕ್ಕೆ ಜಾರದಂತೆ ಯಾರಾದರೂ ಹಿಡಿದಿರಬೇಕು.

“ಸರ್‍ರ, ಇದನ್ನ ಹಿಡೀರಿ.”

ಹಿಡಿದೆ. ಎಡಗೈಯಲ್ಲಿ. ತೊಯ್ದ ನೂಲು, ಜಾರುತ್ತದೆ.

“ಇಲ್ಲೊಂದು. ಇದನ್ನೂ.”

ಅದನ್ನೂ ಅದೇ ಕೈಯಲ್ಲಿ ಹಿಡಿದೆ. ಬೆರಳ ಸಂದಿಗೊಂದು ಎಳೆ. ಕಥೆ ಮುಗಿಯುತ್ತದೋ ಇಲ್ಲವೋ ಎಂದು ನೀವು ಕೇಳುತ್ತಿದ್ದೀರಿ, ಗೊತ್ತು. ನನ್ನನ್ನು ಕೇಳಬೇಡಿ, ಬೆಳಕು ಇಳಿಯುತ್ತಿದೆ. ಕಿಂಡಿ ಎಷ್ಟು ತೆರೆದಿದೆಯೋ ಅಷ್ಟೇ ಮುಚ್ಚಿದೆ, ಆಚೆಯವನು ದಣಿದಿಲ್ಲ, ಈಚೆಯವಳೂ ದಣಿದಿಲ್ಲ, ನಾನು ಮಾತ್ರ ಬಲಗೈಯಲ್ಲಿ ಇದನ್ನೆಲ್ಲ ಒಂದೂ ಬಿಡದೆ ಬರೆದುಕೊಳ್ಳುತ್ತಾ...

“ಒಂದ ಜಾರಿತು ನೋಡ್ರಿ! ಹಿಡೀರಂದ್ರ!” ನಾಗರತ್ನಾ ಮೊದಲ ಸಲ ತಿರುಗಿ ನನ್ನನ್ನು ನೋಡಿದಳು. “ಒಂದ ಕೈಲೆ ಎಷ್ಟಂತ ಹಿಡೀತೀರಿ? ಇನ್ನೊಂದು ಕೈ ಏನ ಮಾಡಾಕತ್ತೈತ್ರಿ ನಿಮ್ದು?”